ಬಂದರಿನ ಹನ್ನೆರಡು ಮನೆ: ಯಾರನ್ನೂ ಹೊರಗೆ ಕಳಿಸದೆ ಮತ್ತೆ ಕಟ್ಟಿದ ಒಂದು ಲೈನ್

ಮಂಗಳೂರಿನ ಹಳೆ ಬಂದರಿನ ಹಿಂದೆ, ದಕ್ಕೆಗೆ (ಬೋಟು ನಿಲ್ಲುವ ಕಟ್ಟೆಗೆ) ನಡೆದೇ ಹೋಗುವಷ್ಟು ಹತ್ತಿರ, ಹನ್ನೆರಡು ಮನೆಗಳ ಒಂದು ಲೈನ್ ಇದೆ. ಎದುರುಬದುರು ಆರಾರು ಮನೆ. ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ಬಾವಿ. ಜಾಗ ಸರ್ಕಾರದ್ದು, ಮನೆಗಳೂ ಸರ್ಕಾರದ್ದು. ತಿಂಗಳಿಗೆ ಸಣ್ಣ ಬಾಡಿಗೆ ಕಟ್ಟಿಕೊಂಡು ಮೂರು ತಲೆಮಾರಿನಿಂದ ಅಲ್ಲೇ ಇರುವ ಕುಟುಂಬಗಳು. ನನ್ನ ದೊಡ್ಡಮ್ಮನ ಮನೆಯೂ ಅದರಲ್ಲಿ ಒಂದು. ಚಿಕ್ಕವನಿದ್ದಾಗ ರಜೆ ಪೂರ್ತಿ ಆ ಅಂಗಳದಲ್ಲೇ ಕಳೆದವನು ನಾನು. ಆಮೇಲೆ ಸಿವಿಲ್ ಡಿಪ್ಲೊಮಾ ಮಾಡಿ ಇಪ್ಪತ್ತು ವರ್ಷ ಸೈಟುಗಳಲ್ಲಿ ದುಡಿದೆ. ಈ ಲೈನನ್ನು ಮತ್ತೆ ಕಟ್ಟುವ ಕೆಲಸ ಬಂದಾಗ ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದೆ. ಏನು ಮಾಡಿದೆವು, ಎಲ್ಲಿ ತಪ್ಪಿದೆವು, ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಇಂಥದ್ದೇ ಮನೆಗಳು ಈ ಊರಲ್ಲಿ ಇನ್ನೂ ಎಷ್ಟೋ ಇವೆ. ಮನೆಗಳ ಒಡೆತನ ಇರುವ ಇಲಾಖೆಯ ಹೆಸರು ಇಲ್ಲಿ ಬೇಡ.

ಬಂದರಿನ ಬಗ್ಗೆ ಎರಡು ಮಾತು. 1974ರಲ್ಲಿ ಪಣಂಬೂರಿನ ನವ ಮಂಗಳೂರು ಬಂದರು ದೇಶದ ದೊಡ್ಡ ಬಂದರುಗಳ ಪಟ್ಟಿಗೆ ಸೇರಿತು. ದೊಡ್ಡ ಹಡಗುಗಳೆಲ್ಲ ಆ ಕಡೆ ಹೋದವು. ಹಳೆ ಬಂದರಿನ ಗೋದಾಮುಗಳು ಒಂದೊಂದೇ ಖಾಲಿಯಾದವು. ಆದರೆ ಜಾಗ ಸತ್ತುಹೋಗಲಿಲ್ಲ. ಲಕ್ಷದ್ವೀಪಕ್ಕೆ ಸಾಮಾನು ಹೊತ್ತ ಮಂಜಿಗಳು (ಮರದ ಸರಕು ಹಡಗುಗಳು) ಇಲ್ಲಿಂದಲೇ ಹೋಗುತ್ತವೆ, ಮೀನಿನ ಬೋಟುಗಳು ಇಲ್ಲೇ ಬಂದು ನಿಲ್ಲುತ್ತವೆ. ನಮ್ಮ ಲೈನಿನವರು ಹೊಟ್ಟೆ ಹೊರೆಯುವುದೇ ಇದರಲ್ಲಿ. ಗಂಡಸರು ಲೋಡಿಂಗ್, ಐಸ್ ಗಾಡಿ, ಬೋಟು ಅಂತ ಹೋಗುತ್ತಾರೆ. ಹೆಂಗಸರು ದಕ್ಕೆಯಲ್ಲಿ ಮೀನು ಕೊಂಡು ಬುಟ್ಟಿ ಹೊತ್ತು ಮಾರುತ್ತಾರೆ.

ಕೆಲಸ ಶುರುವಾಗುವ ಮೊದಲು ಮನೆಗಳು ಹೇಗಿದ್ದವು ಅನ್ನೋದು ಈ ಪ್ರಕರಣದ ಬೇರು. ಹನ್ನೆರಡೂ ಮನೆಗಳು ಮೊದಲು ಒಂದೇ ತರ ಇದ್ದವು. ಮುರಕಲ್ಲಿನ (ಕರಾವಳಿಯ ಕೆಂಪು ಜಂಬಿಟ್ಟಿಗೆಯ) ಗೋಡೆ, ಇಳಿಜಾರಿಗೆ ಮರದ ಪಕ್ಕಾಸು, ಅದರ ಮೇಲೆ ಅಡ್ಡ ರೀಪು, ಮೇಲೆ ಮಂಗಳೂರು ಹಂಚು. ಎಂಬತ್ತರ ದಶಕದಲ್ಲಿ 'ಸುಧಾರಣೆ' ಅಂತ ಪೂರ್ವದ ಸಾಲಿನ ಆರು ಮನೆಗಳ ಮಾಡು (ಛಾವಣಿ) ಬಿಚ್ಚಿ ಸ್ಲ್ಯಾಬ್ ಹಾಕಿದರು. ಅಷ್ಟಕ್ಕೇ ದುಡ್ಡು ಮುಗಿಯಿತೋ ಏನೋ, ಪಶ್ಚಿಮದ ಸಾಲು ಹಂಚಿನಲ್ಲೇ ಉಳಿಯಿತು. ಹೀಗಾಗಿ ಒಂದೇ ಅಂಗಳದಲ್ಲಿ, ಅದೇ ಮಳೆ, ಅದೇ ಉಪ್ಪುಗಾಳಿಯಲ್ಲಿ, ಎರಡು ಬಗೆಯ ಮನೆ ಮೂವತ್ತು ವರ್ಷಕ್ಕೂ ಜಾಸ್ತಿ ಎದುರುಬದುರು ನಿಂತವು. ಯಾವ ಲ್ಯಾಬಿನಲ್ಲೂ ಇಂಥ ಪರೀಕ್ಷೆ ಮಾಡಲು ಆಗುವುದಿಲ್ಲ, ಅಲ್ವಾ?

ಮೊದಲು ಸೋತದ್ದು ಸ್ಲ್ಯಾಬಿನ ಸಾಲು. ಸಮುದ್ರದ ಗಾಳಿಯಲ್ಲಿರುವ ಉಪ್ಪು ಕಾಂಕ್ರೀಟಿನ ಒಳಗೆ ಇಳಿದು ಕಬ್ಬಿಣ ಮುಟ್ಟುತ್ತದೆ. ಕಬ್ಬಿಣ ತುಕ್ಕು ಹಿಡಿದರೆ ಮೊದಲಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಒಳಗಿನಿಂದಲೇ ತಳ್ಳಿ ತಳ್ಳಿ ಕಾಂಕ್ರೀಟನ್ನು ಒಡೆಯುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟಿನಲ್ಲಿ ಕಬ್ಬಿಣದ ಮೇಲೆ 45 ಮಿ.ಮೀ. ಹೊದಿಕೆ ಇರಬೇಕು. ನಾವು ಒಡೆದು ನೋಡಿದ ಕಡೆ ಒಂದು ಬೆರಳಿನ ದಪ್ಪವೂ ಇರಲಿಲ್ಲ. ಮೂರು ಮನೆಗಳಲ್ಲಿ ಸೀಲಿಂಗಿನ ತುಂಡುಗಳು ಬಿದ್ದು ಜನ ಮನೆ ಬಿಟ್ಟಿದ್ದರು. ಉಳಿದ ಮೂರರಲ್ಲಿ ಮಳೆಗಾಲಕ್ಕೆ ಸ್ಲ್ಯಾಬಿನ ಮೇಲೆ ಟಾರ್ಪಾಲು ಹೊದೆಸಿ, ಒಳಗೆ ಬಕೆಟ್ ಇಟ್ಟುಕೊಂಡು ಇದ್ದರು.

ಹಂಚಿನ ಸಾಲು ಸುಖವಾಗಿತ್ತು ಅಂತಲ್ಲ. ಪಕ್ಕಾಸಿನ ತುದಿಗಳು ಕುಂಬಾಗಿದ್ದವು. ಕೆಲವು ಕಡೆ ಗೆದ್ದಲು. ಅದಕ್ಕಿಂತ ಕೆಟ್ಟದ್ದು ಗೋಡೆಯ ಸ್ಥಿತಿ. ಯಾವಾಗಲೋ ಮುರಕಲ್ಲಿನ ಮೇಲಿನ ಸುಣ್ಣದ ಗಾರೆ ಕೆತ್ತಿ ತೆಗೆದು ಗಟ್ಟಿ ಸಿಮೆಂಟು ಮೆತ್ತಿದ್ದರು. ಮುರಕಲ್ಲು ತೂತು ತೂತಿನ ಕಲ್ಲು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಆರುತ್ತದೆ. ಸಿಮೆಂಟು ಮೆತ್ತಿದರೆ ಕುಡಿದ ನೀರು ಹೊರಗೆ ಬರಲು ದಾರಿ ಇಲ್ಲ. ಆ ನೀರು ಮನೆಯ ಒಳಮುಖಕ್ಕೆ ಬರುತ್ತದೆ. ಉಪ್ಪು ಹೂ ಬಿಟ್ಟು ಬಣ್ಣ ಉದುರುತ್ತದೆ, ಮಕ್ಕಳ ಪುಸ್ತಕಕ್ಕೆಲ್ಲ ಬೂಸ್ಟು. ಹನ್ನೆರಡು ಮನೆಗೆ ಅಂಗಳದ ಹಿಂದೆ ಮೂರೇ ಮೂರು ಕಕ್ಕಸು. ರಾತ್ರಿ ಮಳೆಯಲ್ಲಿ ಕೊಡೆ ಹಿಡಿದು ಹೋಗುವುದು ಎಂಥ ಕಷ್ಟ ಅಂತ ದೊಡ್ಡಮ್ಮನನ್ನು ನೋಡಿ ಗೊತ್ತಿತ್ತು. ಕೊನೆಯ ಎರಡು ವರ್ಷ ಅವರು ಸಂಜೆ ಆದಮೇಲೆ ನೀರನ್ನೇ ಕುಡಿಯುತ್ತಿರಲಿಲ್ಲ.

ತಪಾಸಣೆ ಆಯಿತು, ವರದಿ ಬಂತು. ಹನ್ನೆರಡೂ ಮನೆ ಅಪಾಯಕಾರಿ, ಎಲ್ಲ ಕೆಡವಿ, ನಿವಾಸಿಗಳಿಗೆ ಊರ ಹೊರಗೆ ಬಹುಮಹಡಿ ಕಟ್ಟಡದಲ್ಲಿ ಫ್ಲ್ಯಾಟ್ ಅಂತ. ಗಟ್ಟಿಯಾಗಿ ನಿಂತ ಹಂಚಿನ ಸಾಲನ್ನೂ ಸ್ಲ್ಯಾಬಿನ ಸಾಲಿನ ಜೊತೆ ಒಂದೇ ವಾಕ್ಯದಲ್ಲಿ ಸೇರಿಸಿಬಿಟ್ಟಿದ್ದರು. ಸಭೆ ಕರೆದಾಗ ಮೀನು ಮಾರುವ ಅಕ್ಕ ಒಬ್ಬರು ಎದ್ದು ನಿಂತು ಕೇಳಿದ್ದು ನನಗೆ ಇವತ್ತಿಗೂ ನೆನಪಿದೆ: "ಬೆಳಿಗ್ಗೆ ನಾಲ್ಕಕ್ಕೆ ಬೋಟು ಬರ್ತದೆ ಸಾರ್. ನಾಲ್ಕಕ್ಕೆ ಅಲ್ಲಿಂದ ಯಾವ ಬಸ್ಸು ಉಂಟು?" ಉತ್ತರ ಬರಲಿಲ್ಲ. ಫ್ಲ್ಯಾಟ್ ಕೆಟ್ಟದ್ದು ಅಂತ ಯಾರೂ ಹೇಳಿರಲಿಲ್ಲ. ಅಲ್ಲಿಗೆ ಹೋದರೆ ಕೆಲಸ ಹೋಗುತ್ತದೆ, ಅಷ್ಟೇ.

ನಾವು ಒಂದು ಬದಲಿ ನಕ್ಷೆ ಕೊಟ್ಟೆವು. ಮೊದಲ ಸಲ ಸುಮ್ನೆ ವಾಪಸ್ ಬಂತು. ಎರಡನೇ ಸಲವೂ ಅಷ್ಟೆ. ಮಾತು ತಿರುಗಿದ್ದು ಜುಲೈಯ ಒಂದು ಮಧ್ಯಾಹ್ನ. ಹಿರಿಯ ಎಂಜಿನಿಯರ್ ಒಬ್ಬರು ಸುರಿಯುವ ಮಳೆಯಲ್ಲೇ ಬಂದರು. ಪೂರ್ವದ ಸಾಲಿನ ಮನೆಯೊಂದರಲ್ಲಿ ನಿಂತರು. ಅಲ್ಲಿ ನಾಲ್ಕು ಬಕೆಟ್ ಇತ್ತು. ಅಂಗಳ ದಾಟಿ ದೊಡ್ಡಮ್ಮನ ಮನೆಗೆ ಬಂದರು. ಅಲ್ಲಿ ನೆಲ ಒಣಗಿತ್ತು. ದೊಡ್ಡಮ್ಮ ಚಾ ಕೊಟ್ಟರು. ಅವರು ಕುಡಿದು, ಮೇಲೆ ಹಂಚು ನೋಡಿ, ಮತ್ತೆ ಎದುರು ಸಾಲು ನೋಡಿ, "ಇದನ್ನು ಯಾಕೆ ಕೆಡವಬೇಕು ಅಂತ ನನಗೂ ಬರೆಯಲಿಕ್ಕೆ ಕಷ್ಟ ಆಗ್ತದೆ" ಅಂದರು. ಆಮೇಲೆ ಫೈಲು ನಡೆಯಿತು.

ಹಳೆ ಊರಿನ ನಡುವೆ ಬಡವರ ಮನೆ ಉಳಿಸಿ ಕಟ್ಟುವುದು ಹೊಸ ಹುಚ್ಚಲ್ಲ. ಇಟಲಿಯ ಬೊಲೊನ್ಯಾ ನಗರ 1973ರಲ್ಲೇ ಇದನ್ನು ಮಾಡಿತ್ತು. ಸಾರ್ವಜನಿಕ ವಸತಿಗೆ ಅಂತ ಇದ್ದ ಕಾನೂನನ್ನು ಎಲ್ಲರೂ ಊರ ಹೊರಗಿನ ಖಾಲಿ ಜಾಗಕ್ಕೆ ಬಳಸುತ್ತಿದ್ದರೆ, ಅವರು ಅದನ್ನೇ ಊರ ನಡುವಿನ ಹಳೆ ಕೇರಿಗಳಿಗೆ ತಂದರು. ಕಟ್ಟಡ ಉಳಿಯಬೇಕು, ಅದರಲ್ಲಿರುವ ಕೂಲಿಯವರೂ ಕಸುಬಿನವರೂ ಅಲ್ಲೇ ಉಳಿಯಬೇಕು ಅನ್ನೋದು ಅವರ ಲೆಕ್ಕ. ಫ್ರಾನ್ಸಿನ ಬೋರ್ಡೊದಲ್ಲಿ 1960ರ ದಶಕದ ಮೂರು ಸರ್ಕಾರಿ ವಸತಿ ಕಟ್ಟಡಗಳ 530 ಮನೆಗಳನ್ನು ಕೆಡವದೆ, ಜನರು ಒಳಗೆ ಇರುವಾಗಲೇ ಹೊರಗಿನಿಂದ ಹೊಸ ಪಡಸಾಲೆಗಳನ್ನು ಸೇರಿಸಿ ದೊಡ್ಡದು ಮಾಡಿದರು. ಆ ತಂಡದ ಆನ್ ಲಕಾತೊ ಮತ್ತು ಜಾನ್ ಫಿಲಿಪ್ ವಾಸಲ್ ಅವರಿಗೆ 2021ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮದು ಹನ್ನೆರಡೇ ಮನೆ. ಆದರೂ ಮನೆಗೆ ಹೊರಗಿನಿಂದ ಒಂದು ಪಟ್ಟಿ ಸೇರಿಸುವ ಯೋಚನೆ ನಮಗೆ ಬಂದದ್ದು ಬೋರ್ಡೊದ ಆ ಚಿತ್ರಗಳನ್ನು ನೋಡಿದ ಮೇಲೆಯೇ.

ಇನ್ನು ಜಗಳದ ವಿಷಯ. ನಾನು ಹಂಚಿನ ಪರ ಇದ್ದೆ. ಕಾರಣಗಳೂ ಇದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿ ದಡದ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದಾಗಿನಿಂದ ಇದು ಈ ಮಣ್ಣಿನ ಸಾಮಾನು, ಈ ಮಳೆಗೆ ಅಂತಲೇ ಬೆಳೆದ ಮಾಡು. ಸಿಮೆಂಟಿನ ಉತ್ಪಾದನೆಯಿಂದಲೇ ಜಗತ್ತಿನ ಇಂಗಾಲದ ಹೊಗೆಯಲ್ಲಿ ಸುಮಾರು ಶೇ 7 ಬರುತ್ತದೆ. ಹಂಚನ್ನೂ ಬೆಂಕಿಯಲ್ಲೇ ಸುಡಬೇಕು ನಿಜ, ಆದರೆ ಒಮ್ಮೆ ಸುಟ್ಟ ಹಂಚನ್ನು ಮೂರು ಮನೆಯ ಮೇಲೆ ಮೂರು ಸಲ ಕೂರಿಸಬಹುದು. ಒಡೆದ ಸ್ಲ್ಯಾಬು ಏನಾಗುತ್ತದೆ? ತಗ್ಗು ತುಂಬಿಸಲು ಹೋಗುತ್ತದೆ. ಇದನ್ನೆಲ್ಲ ಅಂಗಳದಲ್ಲಿ ಕೂತು ಹೇಳಿದೆ. ಆಗ ಮೂರನೇ ಮನೆಯ ಅಮ್ಮ ಹೇಳಿದರು: "ನೋಡು ತಮ್ಮಾ, ಹಂಚಿನ ಮನೆ ಅಂದ್ರೆ ಬಡವರ ಮನೆ ಅಂತ ಲೆಕ್ಕ. ನನ್ನ ಮಗಳಿಗೆ ನೋಡಲಿಕ್ಕೆ ಬಂದವರು ಮಾಡು ನೋಡಿಯೇ ಮಾತು ನಿಲ್ಲಿಸಿದ್ದಾರೆ. ಓದಿದವರಿಗೆ ಹಂಚು ಚಂದ ಕಾಣ್ತದೆ. ನಮಗೆ ಟೆರೇಸು ಬೇಕು. ಬಟ್ಟೆ ಒಣಗಿಸಲಿಕ್ಕೆ, ಮೀನು ಒಣಗಿಸಲಿಕ್ಕೆ ಎಲ್ಲಿಗೆ ಹೋಗುದು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿಯೇ ಇತ್ತು. ಉಪ್ಪು, ತುಕ್ಕು, ಇಂಗಾಲ ಎಲ್ಲ ನಿಜ. ಆದರೆ ಮಗಳ ಮದುವೆಯ ಮಾತು ನಿಂತದ್ದೂ ಅಷ್ಟೇ ನಿಜ. ಎರಡು ವಾರ ಜಗ್ಗಾಡಿದೆವು. ಕೊನೆಗೆ ಒಪ್ಪಿದ್ದು ಹೀಗೆ. ಮುಖ್ಯ ಮನೆಗೆ ಹಂಚಿನ ಮಾಡೇ ಇರಲಿ, ಆದರೆ ಎತ್ತರ ಒಂದೂವರೆ ಅಡಿ ಜಾಸ್ತಿ ಮಾಡಿ ಒಳಗೆ ಅಟ್ಟ ಕೊಡುವುದು, ಹಂಚಿನ ಕೆಳಗೆ ಸೀಲಿಂಗ್ ಹಂಚು ಹಾಕುವುದು. ಮುಂದೆ ಅಗಲ ಜಗಲಿ, ಒಳ್ಳೆಯ ಬಾಗಿಲು. ಹಿಂದೆ ಎರಡು ಮೀಟರ್ ಅಗಲದ ಹೊಸ ಪಟ್ಟಿಯಲ್ಲಿ ಅಡುಗೆಮನೆ, ಬಚ್ಚಲು, ಕಕ್ಕಸು. ಆ ಪಟ್ಟಿಯ ಮೇಲೆ ಮಾತ್ರ ಸ್ಲ್ಯಾಬ್, ಅದಕ್ಕೆ ಹೊರಗಿನಿಂದ ಮೆಟ್ಟಿಲು. ಹಾಗೆ ಪ್ರತಿ ಮನೆಗೂ ಒಂದು ಸಣ್ಣ ಟೆರೇಸ್ ಬಂತು. ಆ ಸ್ಲ್ಯಾಬುಗಳಿಗೆ 45 ಮಿ.ಮೀ. ಹೊದಿಕೆ ಇದೆಯೋ ಇಲ್ಲವೋ ಅಂತ ಪ್ರತಿ ಸಲ ನಾನೇ ಸ್ಕೇಲ್ ಹಿಡಿದು ನೋಡಿದ್ದೇನೆ. ಮೊದಲು 22 ಚದರ ಮೀಟರ್ ಇದ್ದ ಮನೆ 30 ಆಯಿತು. ಕೇಂದ್ರದ ವಸತಿ ಯೋಜನೆಯಲ್ಲಿ ಬಡವರ ಮನೆಗೆ ಹೇಳಿದ ಅಳತೆಯೂ ಅದೇ. ಅಟ್ಟ ಇದರ ಲೆಕ್ಕಕ್ಕಿಲ್ಲ.

ಯಾರೂ ಲೈನ್ ಬಿಟ್ಟು ಹೋಗಬಾರದು ಅನ್ನೋದು ಮೊದಲ ಶರತ್ತು. ಪೂರ್ವದಲ್ಲಿ ಮೂರು ಮನೆ ಖಾಲಿ ಇದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು. ಮೊದಲು ಆ ಮೂರನ್ನು ಕಟ್ಟಿದೆವು. ಮುಗಿದ ಮೇಲೆ ಪಕ್ಕದ ಮೂರು ಮನೆಯವರು ಅಲ್ಲಿಗೆ ಬಂದರು. ಅವರ ಮನೆ ಮುಗಿದಾಗ ಅವರು ವಾಪಸ್, ಎದುರು ಸಾಲಿನ ಮೂವರು ಇಲ್ಲಿಗೆ. ಹೀಗೆ ಮೂರು ಮೂರಾಗಿ. ಸಾಮಾನು ಹೊತ್ತದ್ದು ಅಂಗಳದಷ್ಟೇ ದೂರ. ಶಾಲೆ ಬದಲಾಗಲಿಲ್ಲ, ರೇಷನ್ ಅಂಗಡಿ ಬದಲಾಗಲಿಲ್ಲ. ಆದರೆ ಇದರಿಂದ ಕೆಲಸ ಉದ್ದ ಎಳೆಯಿತು. ಒಂದೇ ಸಲ ಕೆಡವಿ ಕಟ್ಟಿದ್ದರೆ ಒಂದು ಬೇಸಿಗೆಯಲ್ಲಿ ಮುಗಿಯುತ್ತಿತ್ತು, ನಮಗೆ ಎರಡು ಬೇಸಿಗೆ ಬೇಕಾಯಿತು.

ಕೆಲಸದ ದಿನಗಳನ್ನು ಮಳೆಯೇ ಗೊತ್ತು ಮಾಡುತ್ತಿತ್ತು. ದೀಪಾವಳಿ ಕಳೆದ ಮೇಲೆ ಮಾಡು ಬಿಚ್ಚುವುದು, ಪತ್ತನಾಜೆಯ (ಮೇ ಕೊನೆಗೆ ಬರುವ ತುಳುವರ ಪರ್ವದಿನ) ಒಳಗೆ ಹಂಚು ಕೂರಿಸಿ ಮುಗಿಸುವುದು. ನಡುವೆ ಒಂದು ದಿನವೂ ಬಿಡುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಲೈನಿನಲ್ಲಿ ಹೆಚ್ಚಿನವರಿಗೆ ದುಡಿಮೆ ಇಲ್ಲ. ಆ ಹೊತ್ತಿಗೆ ಒಳಗಿನ ಗಾರೆ, ನೆಲ, ಸುಣ್ಣ ಬಳಿಯುವ ಕೆಲಸ ಇಟ್ಟುಕೊಂಡೆವು, ಕೂಲಿಗೆ ಅಲ್ಲಿಯವರನ್ನೇ ಕರೆದೆವು. ಸುಣ್ಣದ ಗಾರೆ ಬೇಗ ಒಣಗಬಾರದು, ಒದ್ದೆ ಹವೆ ಅದಕ್ಕೆ ಒಳ್ಳೆಯದು. ಹಾಗಾಗಿ ಆಟಿಯ (ತುಳುವರ ಮಳೆಗಾಲದ ತಿಂಗಳು) ಮಳೆ ನಮಗೆ ಅಡ್ಡಿ ಆಗಲಿಲ್ಲ. ಇದೊಂದು ಯೋಜನೆ ಮಾತ್ರ ಕಾಗದದಲ್ಲಿ ಬರೆದಂತೆಯೇ ನಡೆಯಿತು.

ಸಾಮಾನಿನ ಲೆಕ್ಕ ಹೇಳುತ್ತೇನೆ. ಮಂಗಳೂರು ಹಂಚು ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಬೇಕು. ಇಳಿಜಾರು, ಚಾಚು ಸೇರಿ ಹನ್ನೆರಡು ಮನೆಗೆ ಹೆಚ್ಚುಕಡಿಮೆ ಎಂಟು ಸಾವಿರ. ಪಶ್ಚಿಮ ಸಾಲಿನ ಹಂಚನ್ನೆಲ್ಲ ಇಳಿಸಿ, ಉಜ್ಜಿ ತೊಳೆದು, ಒಂದೊಂದನ್ನೇ ಬೆರಳಿನಿಂದ ಬಡಿದು ಕೇಳಿದೆವು. ಒಳ್ಳೆಯ ಹಂಚು ಟಣ್ ಅನ್ನುತ್ತದೆ. ಕೂದಲಿನಷ್ಟು ಬಿರುಕಿದ್ದರೂ ಸ್ವರ ಬೋದಾಗುತ್ತದೆ. ಲೈನಿನ ಹುಡುಗರು ಎರಡೇ ದಿನದಲ್ಲಿ ನನಗಿಂತ ಚೆನ್ನಾಗಿ ಕಲಿತರು. ಉಳಿದ ಹಂಚನ್ನು ಹತ್ತಿರದಲ್ಲೇ ಕೆಡವುತ್ತಿದ್ದ ಗೋದಾಮಿನಿಂದ ತಂದೆವು. ಪಕ್ಕಾಸಿಗೆ ಕಿರಾಲ್‌ಬೋಗಿ ಮರ ಹೊಸದಾಗಿ ಕೊಳ್ಳುವ ಶಕ್ತಿ ಇರಲಿಲ್ಲ. ಹಳೆ ಮರದ ಅಂಗಡಿಗಳಲ್ಲಿ ಸಿಕ್ಕಷ್ಟು ತಂದು, ಸಾಲದ ಕಡೆ ಸತುವಿನ ಲೇಪ ಇರುವ ಕಬ್ಬಿಣದ ಪೈಪ್ ಹಾಕಿದೆವು. ಅದು ನನಗೆ ಇಷ್ಟವಿಲ್ಲದ ರಾಜಿ. ಈ ಗಾಳಿಯಲ್ಲಿ ಅದರ ಬೆಸುಗೆಗಳನ್ನು ಪ್ರತಿ ವರ್ಷ ನೋಡಬೇಕು. ಸ್ಲ್ಯಾಬ್ ಒಡೆದಾಗ ಕೆಳಗಿನ ಮುರಕಲ್ಲಿನ ಗೋಡೆ ಮುಕ್ಕಾಲು ಪಾಲು ಗಟ್ಟಿಯಾಗಿಯೇ ಸಿಕ್ಕಿತು. ಬಿದ್ದ ಕಲ್ಲನ್ನು ಕೊಡಲಿಯಿಂದ ಕೆತ್ತಿ ಹಿಂದಿನ ಪಟ್ಟಿಗೆ ಬಳಸಿದೆವು. ಖರ್ಚಿನಲ್ಲಿ ಸಾಮಾನಿನ ಪಾಲು ಕಡಿಮೆ, ಕೂಲಿಯ ಪಾಲು ಜಾಸ್ತಿ ಆಯಿತು. ದುಡ್ಡು ದೂರದ ಕಾರ್ಖಾನೆಗೆ ಹೋಗುವ ಬದಲು ಇಲ್ಲೇ ಉಳಿಯಿತು ಅಂತ ನಾನು ಅದನ್ನು ಒಳ್ಳೆಯದು ಅಂತಲೇ ನೋಡುತ್ತೇನೆ. ಲೆಕ್ಕ ತಪಾಸಣೆಯವರಿಗೆ ಅದನ್ನು ವಿವರಿಸಲು ಮಾತ್ರ ಮೂರು ಸಲ ಹೋಗಬೇಕಾಯಿತು.

ಸುಣ್ಣದ ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದೇ ದೊಡ್ಡ ಕಷ್ಟ. ಕೊನೆಗೆ ಎಪ್ಪತ್ತು ದಾಟಿದ ಒಬ್ಬರು ಸಿಕ್ಕರು. ಅವರಿಗೆ ಗೋಡೆ ಹತ್ತಲು ಆಗುತ್ತಿರಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿ ಕೂತು ಕಲಿಸಿದರು. ಚಿಪ್ಪು ಸುಣ್ಣ ಎಷ್ಟು ದಿನ ನೀರಿನಲ್ಲಿ ಕೊಳೆಯಬೇಕು, ಬೆಲ್ಲದ ನೀರು ಯಾವಾಗ ಸೇರಿಸಬೇಕು, ಕರಣೆಗೆ ಅಂಟದೆ ಜಾರುವ ಹದ ಯಾವುದು ಎಲ್ಲ. ಮೊದಲ ಮನೆಯಲ್ಲಿ ನಾವು ಅವಸರ ಮಾಡಿದೆವು. ಸಿಮೆಂಟು ಕೆತ್ತಿ ತೆಗೆದ ಮರುವಾರವೇ ಗಾರೆ ಮೆತ್ತಿದೆವು. ಗೋಡೆಯ ಒಳಗಿನ ಉಪ್ಪುನೀರು ಇನ್ನೂ ಆರಿರಲಿಲ್ಲ. ಎರಡು ತಿಂಗಳಲ್ಲಿ ಕೆಳಗಿನ ಮೂರು ಅಡಿ ಗಾರೆ ಪುಡಿಯಾಗಿ ಉದುರಿತು. ಮುದುಕಪ್ಪ ಬೈಯಲಿಲ್ಲ. "ಗೋಡೆಗೆ ಒಂದು ಬೇಸಿಗೆ ಬಿಡಿ ಅಂತ ಹೇಳಿದ್ದೆ" ಅಂದರು, ಅಷ್ಟೇ. ಉಳಿದ ಮನೆಗಳಲ್ಲಿ ಕೆತ್ತಿದ ಗೋಡೆಯನ್ನು ಹಾಗೆಯೇ ಬಿಟ್ಟು ಆರಿದ ಮೇಲೆ ಮೆತ್ತಿದೆವು.

ಇದಕ್ಕಿಂತ ದೊಡ್ಡ ತಪ್ಪು ಹಂಚು ಮತ್ತು ಸ್ಲ್ಯಾಬು ಸೇರುವ ಜಾಗದಲ್ಲಿ ಆಯಿತು, ಮತ್ತು ಅದು ನನ್ನ ನಕ್ಷೆಯದೇ ತಪ್ಪು. ಮೊದಲ ಮೂರು ಮನೆಗಳಲ್ಲಿ ಹಿಂದಿನ ಸ್ಲ್ಯಾಬನ್ನು ಹಂಚಿನ ಅಂಚಿನ ಮಟ್ಟಕ್ಕೇ ಹಾಕಿದ್ದೆ. ಮಾಡಿನ ಅರ್ಧ ಮಳೆ ಆ ಸ್ಲ್ಯಾಬಿನ ಮೇಲೆ ಬಂದು ಬೀಳುತ್ತದೆ. ಜೋರು ಮಳೆಗೆ ನೀರು ನಿಂತು, ಗಾಳಿಗೆ ಹಿಂದಕ್ಕೆ ತಳ್ಳಿ, ಹಂಚಿನ ಅಡಿಯಿಂದ ಒಳಗೆ ನುಗ್ಗಿತು. ಹೊಸ ಮನೆಯಲ್ಲಿ ಮತ್ತೆ ಬಕೆಟ್. ಆ ರಾತ್ರಿ ಅವರ ಮುಖ ನೋಡಲು ನನಗೆ ಆಗಲಿಲ್ಲ. ಮುಂದಿನ ಒಂಬತ್ತು ಮನೆಗಳಲ್ಲಿ ಸ್ಲ್ಯಾಬನ್ನು ಒಂದೂಕಾಲು ಅಡಿ ಕೆಳಗಿಳಿಸಿದೆವು, ಹಂಚು ಅದರ ಮೇಲೆ ಒಂದೂವರೆ ಅಡಿ ಚಾಚುವಂತೆ ಮಾಡಿ ಅಂಚಿಗೆ ದಂಬೆ (ಮಾಡಿನ ನೀರು ಹಿಡಿದು ಹರಿಸುವ ದೋಣಿ) ಕಟ್ಟಿದೆವು. ಮೊದಲ ಮೂರಕ್ಕೆ ತುಕ್ಕು ಹಿಡಿಯದ ತಗಡಿನ ಅಗಲ ದಂಬೆ ಹಾಕಿ, ಸ್ಲ್ಯಾಬಿನ ಇಳಿಜಾರು ತಿದ್ದಿ ಸರಿ ಮಾಡಿದೆವು. ಇಂಥ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬೇರೆ ಏನು ಮರೆತರೂ ಈ ಒಂದೂಕಾಲು ಅಡಿ ಮರೆಯಬೇಡಿ.

ಬಾವಿಯ ವಿಷಯ ಸುಲಭವಾಗಿ ಆಯಿತು. ನದಿಯ ಹತ್ತಿರದ ಬಾವಿ, ಏಪ್ರಿಲ್ ಬಂದರೆ ಉಪ್ಪಾಗುತ್ತಿತ್ತು. 2016 ಮತ್ತು 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಊರಿಗೆಲ್ಲ ದಿನ ಬಿಟ್ಟು ನೀರು ಬಿಟ್ಟಾಗ ಲೈನಿನವರು ಪಟ್ಟ ಪಾಡು ಎಲ್ಲರಿಗೂ ನೆನಪಿತ್ತು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಜಾಸ್ತಿ ಮಳೆ. 30 ಚದರ ಮೀಟರ್ ಮನೆಯ ಮೇಲೆ ಒಂದು ಲಕ್ಷ ಲೀಟರ್ ಬೀಳುತ್ತದೆ. ಮುಂದಿನ ದಂಬೆಗಳ ನೀರನ್ನೆಲ್ಲ ಜಲ್ಲಿ, ಮರಳು, ಇದ್ದಿಲಿನ ತೊಟ್ಟಿ ದಾಟಿಸಿ ಬಾವಿಗೆ ಬಿಟ್ಟೆವು. ಮೊದಲ ಮಳೆಯ ಕೊಳಕು ನೀರು ಚರಂಡಿಗೆ ಹೋಗುವಂತೆ ಒಂದು ತಿರುಗಣೆ. ಈಗ ಬಾವಿ ಉಪ್ಪಾಗುವುದು ಮೇ ತಿಂಗಳ ಕೊನೆಗೆ. ಕುಡಿಯಲು ಇನ್ನೂ ನಳ್ಳಿ ನೀರೇ.

ಕೆಲಸ ಮುಗಿದು ನಾಲ್ಕು ಮಳೆಗಾಲ ಆಯಿತು. ಮೂರನೇ ಮನೆಯ ಅಮ್ಮ ಟೆರೇಸಿನಲ್ಲಿ ಹಪ್ಪಳ ಒಣಗಿಸುತ್ತಾರೆ. ಅವರ ಮಗಳ ಮದುವೆ ಆಯಿತು, ಚಪ್ಪರ ಹಾಕಿದ್ದು ಇದೇ ಅಂಗಳದಲ್ಲಿ. ದೊಡ್ಡಮ್ಮ ಹೊಸ ಮನೆಯಲ್ಲಿ ಇದ್ದದ್ದು ಹದಿನಾಲ್ಕು ತಿಂಗಳು. ಒಳಗೇ ಕಕ್ಕಸು ಬಂದ ಮೇಲೆ ರಾತ್ರಿ ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದರು. ಅದನ್ನು ನನಗೆ ಹೇಳಿ ಹೇಳಿ ನಗುತ್ತಿದ್ದರು.

ಈ ನಾಲ್ಕು ವರ್ಷದಲ್ಲಿ ಮಾಡು ನಿಂತಿರುವುದು ಒಂದು ಸಣ್ಣ ಏರ್ಪಾಡಿನಿಂದ. ಬಾವಿಕಟ್ಟೆಯ ಪಕ್ಕ ನಾಲ್ಕು ನೂರು ಹಂಚು ಅಟ್ಟಿ ಇಟ್ಟಿದ್ದೇವೆ, ಅದರ ಬದಿಯಲ್ಲಿ ಒಂದು ಉದ್ದದ ಏಣಿ. ಪತ್ತನಾಜೆಯ ಹಿಂದಿನ ಭಾನುವಾರ ಪ್ರತಿ ಮನೆಯಿಂದ ಒಬ್ಬರು ಬರುತ್ತಾರೆ. ದಂಬೆಯ ಕಸ ತೆಗೆಯುವುದು, ಹಂಚು ಬಡಿದು ನೋಡುವುದು, ಒಡೆದದ್ದನ್ನು ಬದಲಿಸುವುದು, ಪೈಪಿನ ಬೆಸುಗೆಗೆ ಬಣ್ಣ ಹಚ್ಚುವುದು. ಅರ್ಧ ದಿನದ ಕೆಲಸ. ಬೆಕ್ಕು ಓಡಿಯೋ ತೆಂಗಿನಕಾಯಿ ಬಿದ್ದೋ ನಡುವೆ ಹಂಚು ಒಡೆದರೆ ಯಾರನ್ನೂ ಕೇಳಬೇಕಾಗಿಲ್ಲ, ಅರ್ಜಿ ಬರೆಯಬೇಕಾಗಿಲ್ಲ. ಏಣಿ ಇಟ್ಟು ಹತ್ತಿ ಹಾಕಿದರಾಯಿತು. ಸ್ಲ್ಯಾಬ್ ಸೋರಿದಾಗ ಇದೇ ಜನ ಹತ್ತು ವರ್ಷ ಅರ್ಜಿ ಹಿಡಿದು ಓಡಾಡಿದ್ದರು.

ಹಂಚಿನ ಅಟ್ಟಿಯಲ್ಲಿ ಈಗ ಉಳಿದಿರುವುದು ನೂರ ಎಪ್ಪತ್ತು. ಅದು ಮುಗಿದ ಮೇಲೆ ಹೊಸ ಹಂಚಿನ ಖರ್ಚು ಯಾರದ್ದು ಅನ್ನೋದು ಬಾಡಿಗೆ ಕರಾರಿನಲ್ಲಿ ಎಲ್ಲೂ ಇಲ್ಲ. ಕಟ್ಟುವಾಗಲೇ ಬರೆಸಿಕೊಳ್ಳಬೇಕಿತ್ತು, ನಮಗೆ ಹೊಳೆಯಲಿಲ್ಲ. ಕಳೆದ ಅಕ್ಟೋಬರಿನಲ್ಲಿ ಹನ್ನೆರಡು ಮನೆಯವರೂ ಸಹಿ ಮಾಡಿ ಒಂದು ಪತ್ರ ಕೊಟ್ಟಿದ್ದಾರೆ. ವರ್ಷಕ್ಕೆ ಅರವತ್ತು ಹಂಚು ಕೊಡಿ, ಕೂಲಿ ನಮ್ಮದು ಅಂತ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ವಾರ ಮತ್ತೆ ಹೋಗುತ್ತಿದ್ದೇವೆ.